ನೂರು ತುಂಬಿದ ದಿನ

ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಆಕೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು 'ತಿದ್ದುಪಡಿ ಮೇಡಂ'. ಅದು ಆಕೆಯ ಕಿವಿಗೂ ಬಿದ್ದಿತ್ತು. ಬೇಜಾರಾಗುವುದಿರಲಿ, ಒಳಗೊಳಗೇ ಹಿಗ್ಗಿದ್ದಳು. ತಪ್ಪು ಕಂಡರೆ ಆಕೆಗೆ ಕಣ್ಣಲ್ಲಿ ಕಸ ಬಿದ್ದ ಹಾಗೆ, ತೆಗೆಯುವವರೆಗೆ ಸಮಾಧಾನವಿಲ್ಲ. ಕಾಲೇಜಿನ ದಾರಿಯ ಚಪ್ಪಲಿ ಅಂಗಡಿಯವನು 'ಇಲ್ಲಿ ಉತ್ತಮ ಚಪ್ಪಲಿಗಳು ದೊರೆಯುತ್ತದೆ' ಎಂದು ಬರೆಸಿದ್ದ. ಅದು 'ದೊರೆಯುತ್ತವೆ' ಆಗುವವರೆಗೆ ಆಕೆ ದಿನಾ ಅಂಗಡಿಯ ಮುಂದೆ ನಿಂತು ಹೇಳಿ ಹೋಗುತ್ತಿದ್ದಳು. ಕೊನೆಗೆ ಅವನು ಬೋರ್ಡಿನ ಆ ಸಾಲಿಗೇ ಬಣ್ಣ ಬಳಿಸಿ ಬರೀ ಒಂದು ಚಪ್ಪಲಿಯ ಚಿತ್ರ ಬರೆಸಿಬಿಟ್ಟ.

ಗಂಡ ಕನ್ನಡಕದ ಅಂಗಡಿ ಇಟ್ಟಿದ್ದ. "ದೂರದ್ದು ಕಾಣದೋರಿಗೆ, ಹತ್ತಿರದ್ದು ಕಾಣದೋರಿಗೆ ಎಲ್ಲಾ ನನ್ನ ಹತ್ರ ಕನ್ನಡಕ ಇದೆ. ತಪ್ಪು ಬಿಟ್ಟು ಬೇರೇನೂ ಕಾಣದೋರಿಗೆ ಮಾತ್ರ ಇನ್ನೂ ಯಾರೂ ಕಂಡುಹಿಡಿದಿಲ್ಲ ಕಣೇ," ಎನ್ನುತ್ತಿದ್ದ. ಆಕೆ ನಕ್ಕು ಸುಮ್ಮನಾಗುತ್ತಿದ್ದಳು. ಗಂಡ ಹೇಳಿದ್ದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

ಊರಿನ ಹೆರಿಗೆ ಆಸ್ಪತ್ರೆಗೆ ನೂರು ವರ್ಷವಾಗುತ್ತಿದೆ, ಒಂದು ಸಮಾರಂಭ ಮಾಡಬೇಕು ಎಂದು ಒಂದು ಸಮಿತಿ ಆಯಿತು. ಚರಿತ್ರೆಯ ವಿಷಯ ಅಂದಮೇಲೆ ಆಕೆಯನ್ನು ಕರೆಯದೆ ಇರುತ್ತಾರೆಯೇ? 2024ರ ಫೆಬ್ರವರಿಯ ಒಂದು ಬೆಳಿಗ್ಗೆ ಎಲ್ಲರೂ ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ ಸೇರಿದರು. ಫಿನಾಯಿಲ್ ವಾಸನೆ, ಒಂದು ಕಾಲು ಗಿಡ್ಡವಾದ ಉದ್ದನೆಯ ಮೇಜು, ಕೆಳಗಿನ ವಾರ್ಡಿನಿಂದ ಆಗಾಗ ಕೂಸುಗಳ ಅಳು. ಆಸ್ಪತ್ರೆಯ ದೊಡ್ಡ ಡಾಕ್ಟರು ಅಧ್ಯಕ್ಷರು. ಎದುರು ಬೀದಿಯ ಔಷಧಿ ಅಂಗಡಿಯವರು, ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು, ಆಕೆ, ಆಮೇಲೆ ಸಿಸ್ಟರಜ್ಜಿ.

ಸಿಸ್ಟರಜ್ಜಿ ಅಂದರೆ ಆ ಆಸ್ಪತ್ರೆಯ ಹಳೆಯ ನರ್ಸು. ವಯಸ್ಸು ತೊಂಬತ್ತರ ಹತ್ತಿರ. ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಊರಿನ ಅರ್ಧ ಜನ ಮೊದಲು ಮುಟ್ಟಿದ್ದು ಅವರ ಕೈಯನ್ನೇ. ಉಪನ್ಯಾಸಕಿಯೂ ಅವರಲ್ಲಿ ಒಬ್ಬಳು.

"ನಿನ್ನ ತಲೆ ಮೊದಲು ನೋಡಿದ್ದು ನಾನೇ ಕಣೇ ಮಗಳೇ," ಎಂದು ಅಜ್ಜಿ ಅವತ್ತೂ ಹೇಳಿದರು. "ಎಲ್ಲಾ ಕೂಸುಗಳೂ ಅಳ್ತಾ ಬಂದ್ರೆ ನೀನು ಮುಖ ಗಂಟು ಹಾಕ್ಕೊಂಡು ಬಂದೆ. ನಾನೇನೋ ತಪ್ಪು ಮಾಡಿದ್ದೀನಿ ಅನ್ನೋ ಹಾಗೆ ನೋಡ್ತಿದ್ದೆ."

ಎಲ್ಲರೂ ನಕ್ಕರು. ಆಕೆಯೂ ನಕ್ಕಳು.

ಆಸ್ಪತ್ರೆಯ ಬಾಗಿಲ ಪಕ್ಕದ ಕಲ್ಲಿನಲ್ಲಿ ಕೆತ್ತಿದ್ದ ತಾರೀಖು 1924, ಜೂನ್ ಹನ್ನೆರಡು. ಈ ವರ್ಷ ಅದೇ ದಿನ ಸಮಾರಂಭ ಎಂದು ಡಾಕ್ಟರು ಮಾತು ಶುರುಮಾಡಿದರು. ಯಾರು ಮಾತಾಡಬೇಕು ಎಂಬ ಪ್ರಶ್ನೆ ಬಂದಾಗ, ಯಾವತ್ತೂ ಏನನ್ನೂ ಕೇಳದ ಸಿಸ್ಟರಜ್ಜಿ ಕೈಯೆತ್ತಿದರು.

"ನಾನೊಂದು ನಾಲ್ಕು ಮಾತಾಡ್ಲಾ ಡಾಕ್ಟ್ರೇ?"

"ಅಯ್ಯೋ, ನೀವು ಮಾತಾಡದೆ ಇನ್ಯಾರಮ್ಮಾ!"

"ಇಲ್ಲಿ ಹುಟ್ಟಿದೋರ ವಿಷಯ ಎಲ್ರೂ ಹೇಳ್ತಾರೆ. ಡಾಕ್ಟ್ರಾದ್ರು, ಮಂತ್ರಿಯಾದ್ರು ಅಂತ. ಇಲ್ಲಿಗೆ ಬಂದು ತಿರುಗಿ ಮನೆಗೆ ಹೋಗದೆ ಇದ್ದ ತಾಯಂದಿರು ಇದ್ದಾರಲ್ಲ, ಅವರನ್ನ ಯಾರೂ ನೆನೆಯಲ್ಲ. ನನ್ನ ಕಾಲದಲ್ಲಿ ಹೋದೋರು ಒಬ್ಬೊಬ್ರೂ ನನಗೆ ನೆನಪಿದ್ದಾರೆ. ಹೆಸರು, ಮುಖ, ಏನು ಮಾತಾಡಿದ್ರು ಅನ್ನೋದೂ ನೆನಪಿದೆ. ಅವರ ಹೆಸರುಗಳನ್ನ ಒಂದು ಸಲ ಗಟ್ಟಿಯಾಗಿ ಹೇಳ್ಬೇಕು ನಾನು. ಅಷ್ಟೇ."

ಔಷಧಿ ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಆಕೆಯ ಮನಸ್ಸಿಗೂ ತಟ್ಟಿತು. ಆದರೆ ಅವಳಿಗೆ ಡಾಕ್ಟರು ತಾರೀಖು ಹೇಳಿದಾಗಿನಿಂದ ಏನೋ ಚುಚ್ಚುತ್ತಿತ್ತು, ಈಗ ತಡೆಯಲಾಗಲಿಲ್ಲ.

"ಒಂದು ನಿಮಿಷ. ಈ ವರ್ಷ ಮಾಡೋದು ತಪ್ಪಾಗುತ್ತೆ," ಅಂದಳು.

"ಯಾಕೆ ಮೇಡಂ?"

"ಎರಡು ಸಾವಿರನೇ ಇಸವಿ ಬಂದಾಗ ನೆನಪಿದೆಯಾ? ಹೊಸ ಶತಮಾನ ಬಂತು ಅಂತ ಇಡೀ ಪ್ರಪಂಚ ಕುಣೀತು. ಬಂದಿರಲೇ ಇಲ್ಲ! ಇಸವಿ ಎಣಿಕೇಲಿ ಸೊನ್ನೆ ಅನ್ನೋ ವರ್ಷವೇ ಇಲ್ಲ. ಶುರುವಾಗೋದೇ ಒಂದರಿಂದ. ಹಾಗಾಗಿ ನೂರು ತುಂಬೋದು ನೂರನೇ ಇಸವಿ ಮುಗಿದಾಗ, ಹೊಸ ಶತಮಾನ ನೂರಾ ಒಂದಕ್ಕೆ. ಇಪ್ಪತ್ತೊಂದನೇ ಶತಮಾನ ಶುರುವಾಗಿದ್ದು 2001ಕ್ಕೆ. ಎಲ್ಲಾ ಪುಸ್ತಕದಲ್ಲೂ ಇದೆ."

"ಸರಿ. ಅದಕ್ಕೂ ನಮ್ಮ ಆಸ್ಪತ್ರೆಗೂ ಏನು ಸಂಬಂಧ?" ಎಂದರು ಮ್ಯಾನೇಜರು.

"ಅದೇ ಸಂಬಂಧ. ಒಂದು ಸೇರಿಸ್ಬೇಕು. ನಮಗೆ ನೂರು ತುಂಬೋದು 2025ಕ್ಕೆ."

ಮ್ಯಾನೇಜರು ಹುಬ್ಬು ಗಂಟಿಕ್ಕಿದರು. "ಆದ್ರೆ ಇಪ್ಪತ್ನಾಲ್ಕಕ್ಕೆ ನೂರು ಕೂಡಿಸಿದ್ರೆ ನೂರಾ ಇಪ್ಪತ್ನಾಲ್ಕೇ ಬರೋದು..."

"ಅದೇ ಸಾರ್ ಎಲ್ರೂ ಮಾಡೋ ತಪ್ಪು," ಎಂದು ಆಕೆ ನಕ್ಕಳು. ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ನೋಡಿ ನಗುವ ನಗೆ ಅದು. "ಇಡೀ ಪ್ರಪಂಚವೇ ಒಂದು ವರ್ಷ ಮೊದಲೇ ಕುಣಿದಿದೆ, ನೀವೇನು ಮಹಾ. ಆದ್ರೆ ನಾಳೆ ಯಾರಾದ್ರೂ ತಿಳಿದೋರು ಬಂದು 'ನಿಮಗಿನ್ನೂ ತೊಂಬತ್ತೊಂಬತ್ತೇ ಅಲ್ವಾ' ಅಂದ್ರೆ ಮುಖ ಎಲ್ಲಿಟ್ಕೊಳ್ಳೋಣ?"

ಮ್ಯಾನೇಜರು ಬೆರಳು ಮಡಚಿ ಏನೋ ಎಣಿಸಲು ಹೊರಟವರು ಆ ನಗು ಕಂಡು ಬೆರಳು ಬಿಚ್ಚಿಕೊಂಡರು. ಡಾಕ್ಟರು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ, "ಮೇಡಂ ಹೇಳಿದ ಮೇಲೆ ಮುಗೀತು. ಮುಂದಿನ ವರ್ಷವೇ ಆಗ್ಲಿ," ಎಂದರು.

"ಮಗಳು ಓದಿದೋಳು, ಸರಿಯಾಗೇ ಹೇಳಿರ್ತಾಳೆ," ಎಂದರು ಸಿಸ್ಟರಜ್ಜಿ. "ಆಗ್ಲಿ, ಕಾಯ್ತೀನಿ. ಅಲ್ಲೀವರೆಗೂ ಆ ಮೇಲಿನೋನು ನನ್ನ ಕಾಯ್ಬೇಕು ಅಷ್ಟೇ."

ಅದಕ್ಕೂ ಎಲ್ಲರೂ ನಕ್ಕರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆಕೆ ಊರಿನ ಪತ್ರಿಕೆಗೆ ಒಂದು ಲೇಖನವನ್ನೂ ಬರೆದಳು. ಜನ ಇಸವಿ ಎಣಿಸುವುದರಲ್ಲಿ ಹೇಗೆ ಎಡವುತ್ತಾರೆ, ಪ್ರಪಂಚವೆಲ್ಲ ಕುರಿಮಂದೆಯ ಹಾಗೆ ಒಂದು ವರ್ಷ ಮೊದಲೇ ಹೇಗೆ ಹೊಂಡಕ್ಕೆ ಬಿತ್ತು, ನಮ್ಮ ಆಸ್ಪತ್ರೆ ಆ ತಪ್ಪನ್ನು ಹೇಗೆ ತಪ್ಪಿಸಿಕೊಂಡಿತು ಎಂಬುದೆಲ್ಲ ಅದರಲ್ಲಿತ್ತು. ಜೊತೆಗೆ ಆಕೆಯ ಫೋಟೋ. ಕಾಲೇಜಿನ ಸ್ಟಾಫ್ ರೂಮಿನ ಗೋಡೆಗೆ ಅದನ್ನು ಯಾರೋ ಅಂಟಿಸಿದರು. ಪ್ರಿನ್ಸಿಪಾಲರು ಬೆನ್ನು ತಟ್ಟಿದರು.

ಮೇ ತಿಂಗಳ ಕೊನೆಗೆ ಆಕೆಯ ಅಕ್ಕನ ಮೊಮ್ಮಗಳ ಹುಟ್ಟುಹಬ್ಬ ಬಂತು. ಸಣ್ಣ ಮನೆ, ತುಂಬ ಜನ, ಗೋಡೆಗೆ ಕಟ್ಟಿದ ಬಲೂನುಗಳು ಸೆಖೆಗೆ ಒಂದೊಂದೇ ಒಡೆಯುತ್ತಿದ್ದವು. ಕೂಸು ಕೇಕಿನ ಕಡೆ ನೋಡದೆ ಅದನ್ನು ತಂದ ಡಬ್ಬಿಯ ದಾರವನ್ನು ಚೀಪುತ್ತಿತ್ತು. ಪಕ್ಕದ ಮನೆಯ ದೊಡ್ಡಮ್ಮ ಒಬ್ಬರು ಕೇಕಿನ ಮೇಲಿನ ಒಂದೇ ಮೇಣದಬತ್ತಿ ನೋಡಿ, "ಒಂದೇ ಇಟ್ಟಿದ್ದೀರಲ್ಲ! ಕೂಸು ಹುಟ್ಟಿದ್ದು ಹೋದ ವರ್ಷ, ಅದೊಂದು. ಈ ವರ್ಷ ಇನ್ನೊಂದು. ಎರಡಾಯ್ತಲ್ವಾ?" ಎಂದರು.

ತಪ್ಪು ಕಂಡಿತು. ಆಕೆಯ ಬಾಯಿ ತಾನಾಗಿಯೇ ತೆರೆಯಿತು.

"ಇಲ್ಲ ದೊಡ್ಡಮ್ಮಾ, ಹಾಗೆ ಎಣಿಸಬಾರದು. ಹುಟ್ಟಿದ ದಿನ ಕೂಸಿಗೆ ಸೊನ್ನೆ. ವರ್ಷ ಪೂರ್ತಿ ತುಂಬಿದಾಗ ಒಂದು. ಇಪ್ಪತ್ಮೂರಕ್ಕೆ ಹುಟ್ಟಿದ್ರೆ ಇಪ್ಪತ್ನಾಲ್ಕಕ್ಕೆ ಒಂದು ತುಂಬುತ್ತೆ. ಹಾಗೇ ನೂರು ತುಂಬೋದು ನೂರಾ ಇಪ್ಪತ್..."

ಆಕೆ ಮೇಣದಬತ್ತಿಯನ್ನೇ ನೋಡಿದಳು.

"ನೂರಾ ಇಪ್ಪತ್ತೆಷ್ಟಕ್ಕೆ?" ಎಂದು ದೊಡ್ಡಮ್ಮ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು.

"ನೂರಾ ಇಪ್ಪತ್ಮೂರಕ್ಕೆ," ಅಂದಳು ಆಕೆ, ಯಾರದೋ ಬಾಯಿಂದ ಮಾತಾಡಿದ ಹಾಗೆ.

ಇಪ್ಪತ್ಮೂರಕ್ಕೆ ಹುಟ್ಟಿದ್ದಕ್ಕೆ ನೂರಾ ಇಪ್ಪತ್ಮೂರರಲ್ಲಿ ನೂರು. ಇಪ್ಪತ್ನಾಲ್ಕಕ್ಕೆ ಹುಟ್ಟಿದ್ದಕ್ಕೆ ನೂರಾ ಇಪ್ಪತ್ನಾಲ್ಕರಲ್ಲಿ. ಇಷ್ಟೇ! ಇಸವಿ ಅನ್ನುವುದು ಬೀದಿಯ ಮನೆಗಳಿಗೆ ಕೊಟ್ಟ ನಂಬರಿನ ಹಾಗೆ. ಯಾವ ಬೀದಿಯಲ್ಲೂ ಸೊನ್ನೆ ನಂಬರಿನ ಮನೆ ಇರುವುದಿಲ್ಲ, ನಿಜ. ಆದರೆ ಇಪ್ಪತ್ನಾಲ್ಕನೇ ಮನೆಯ ಬಾಗಿಲಿಂದ ಹೊರಟವನು ನೂರು ಮನೆ ದಾಟಿದರೆ ನಿಲ್ಲುವುದು ನೂರಾ ಇಪ್ಪತ್ನಾಲ್ಕನೇ ಬಾಗಿಲಲ್ಲೇ. ಬೀದಿ ಎಲ್ಲಿಂದ ಶುರುವಾಯಿತು ಅನ್ನುವುದು ಅವನ ನಡಿಗೆಗೆ ಸಂಬಂಧವೇ ಇಲ್ಲ. ಆಕೆ ಪುಸ್ತಕದಲ್ಲಿ ಓದಿದ್ದು ಸರಿಯಾಗಿಯೇ ಇತ್ತು. ಅದನ್ನು ತಂದು ಸಲ್ಲದ ಜಾಗಕ್ಕೆ ಹಚ್ಚಿದ್ದಳು. ಕೆಮ್ಮಿನ ಔಷಧಿಯನ್ನು ಕಣ್ಣಿಗೆ ಬಿಟ್ಟ ಹಾಗೆ.

ಕೇಕು ಕತ್ತರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆಯ ಕಿವಿಗಳು ಕಾದ ಹೆಂಚಿನ ಹಾಗೆ ಸುಡುತ್ತಿದ್ದವು. ಮ್ಯಾನೇಜರು ಬೆರಳು ಬಿಚ್ಚಿಕೊಂಡಿದ್ದು ಕಣ್ಣಿಗೆ ಕಟ್ಟಿತು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಒಂದು ಚೌಕಟ್ಟಿನ ಸ್ಕ್ರೂ ಬಿಗಿಮಾಡುತ್ತಾ ಕೂತಿದ್ದ. ಪೂರ್ತಿ ಕೇಳಿ, "ಒಳ್ಳೇದೇ ಆಯ್ತಲ್ಲ, ಈಗಲೇ ಗೊತ್ತಾಯ್ತು. ಇನ್ನೂ ಹದಿನೈದು ದಿನ ಇದೆ. ಡಾಕ್ಟ್ರಿಗೆ ಫೋನ್ ಮಾಡಿ ಹೇಳ್ಬಿಡು," ಎಂದ.

"ಏನಂತ ಹೇಳ್ಲಿ?"

"ತಪ್ಪಾಯ್ತು ಅಂತ. ಎರಡೇ ಪದ."

"ಪೇಪರಲ್ಲಿ ಬರೆದಿದ್ದೀನಲ್ರೀ! ಕುರಿಮಂದೆ ಅಂದಿದ್ದೀನಿ. ಸ್ಟಾಫ್ ರೂಮಲ್ಲಿ ಇನ್ನೂ ಗೋಡೆ ಮೇಲಿದೆ."

"ಗೋಡೆ ಮೇಲಿರೋದನ್ನ ಕಿತ್ತರೆ ಆಯ್ತಪ್ಪಾ," ಎಂದು ಅವನು ನಕ್ಕ. ಆಕೆಗೆ ನಗು ಬರಲಿಲ್ಲ. ಅವನಿಗೆ ಏನು ಗೊತ್ತು? ಮೂವತ್ತು ವರ್ಷ ಕಷ್ಟಪಟ್ಟು ಕಟ್ಟಿದ ಹೆಸರು ಅದು. ತಿದ್ದುಪಡಿ ಮೇಡಮ್ಮಿಗೇ ತಿದ್ದುಪಡಿ ಅಂತ ಹುಡುಗರು ಆಡಿಕೊಂಡು ನಗುತ್ತಾರೆ. ಆ ಚಪ್ಪಲಿ ಅಂಗಡಿಯವನಂತೂ ಬೋರ್ಡೇ ಬರೆಸಿಯಾನು.

ಆದರೂ ಮಾರನೆಯ ದಿನ ಡಾಕ್ಟರಿಗೆ ಫೋನು ಮಾಡಿದಳು. ಅವರು ಎತ್ತಿದರು. "ಹೇಳಿ ಮೇಡಂ," ಎಂದರು. ಆಕೆ ಮುಂದಿನ ವರ್ಷದ ಸಮಾರಂಭಕ್ಕೆ ವೇದಿಕೆ ಅಂಗಳದಲ್ಲಿ ಹಾಕುವುದೋ ಒಳಗೆ ಹಾಕುವುದೋ ಎಂದು ಕೇಳಿದಳು. "ಅದಕ್ಕಿನ್ನೂ ಒಂದು ವರ್ಷ ಇದೆಯಲ್ಲ ಮೇಡಂ," ಎಂದು ಡಾಕ್ಟರು ಅಚ್ಚರಿಪಟ್ಟರು. "ಇಲ್ಲ, ಸುಮ್ನೆ ಕೇಳಿದೆ," ಎಂದು ಇಟ್ಟುಬಿಟ್ಟಳು. ಗಂಡ ಪಕ್ಕದಲ್ಲೇ ಇದ್ದ. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಒಂದು ವರ್ಷ ತಾನೇ, ಯಾರ ಗಂಟು ಹೋಗುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಸಮಾಧಾನವೂ ಆಯಿತು, ಬೆಳಗಿನ ಹೊತ್ತು ಬಿಟ್ಟರೆ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಮುಖ ಕಂಡ ಕೂಡಲೇ ನೆನಪಾಗುತ್ತಿತ್ತು.

ಜೂನ್ ಹನ್ನೆರಡು ಬಂತು. ಅವತ್ತು ಆಕೆ ಬೇರೆ ದಾರಿಯಲ್ಲಿ ಕಾಲೇಜಿಗೆ ಹೋಗಬಹುದಿತ್ತು. ಹೊರಟದ್ದೂ ಹಾಗೆಯೇ. ಆದರೆ ತುರಿಕೆ ಇದ್ದಲ್ಲಿಗೇ ಕೈ ಹೋಗುವ ಹಾಗೆ ಕಾಲು ಆಸ್ಪತ್ರೆಯ ಬೀದಿಗೆ ತಿರುಗಿತು. ಗೇಟಿನ ಒಳಗೆ, ಹೊರರೋಗಿಗಳು ಕೂರುವ ಸಿಮೆಂಟಿನ ಬೆಂಚಿನ ಮೇಲೆ ಸಿಸ್ಟರಜ್ಜಿ ಒಬ್ಬರೇ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿಯ ಸೀರೆ. ಡ್ಯೂಟಿಯ ಕಾಲದಲ್ಲಿ ಹಾಕಿಕೊಳ್ಳುತ್ತಿದ್ದ ಹಾಗೆ ಎದೆಯ ಮೇಲೆ ಪಿನ್ನಿಗೆ ಸಿಕ್ಕಿಸಿದ ಗಡಿಯಾರ. ಪಕ್ಕದಲ್ಲಿ ಬಸುರಿಯೊಬ್ಬಳು ಸರದಿ ಕಾಯುತ್ತಾ ತೂಕಡಿಸುತ್ತಿದ್ದಳು.

"ಓ, ನೀನೂ ಬಂದ್ಯಾ ಮಗಳೇ!" ಅಜ್ಜಿಯ ಮುಖ ಅರಳಿತು. "ನಾನೊಬ್ಬಳೇ ಹುಚ್ಚಿ ಅಂದ್ಕೊಂಡಿದ್ದೆ. ಸಮಾರಂಭ ಮುಂದಿನ ವರ್ಷ, ಗೊತ್ತು. ಆದ್ರೂ ತಾರೀಖು ಇವತ್ತಿಂದೇ ಅಲ್ವಾ, ಮನಸ್ಸು ಕೇಳ್ಲಿಲ್ಲ. ಬಾ, ಕೂತ್ಕೋ."

ಆಕೆ ಕೂತಳು. ಬೆಂಚು ಬಿಸಿಲಿಗೆ ಕಾದಿತ್ತು.

"ದಿನಾ ಕನ್ನಡಿ ಮುಂದೆ ನಿಂತು ದನಿ ಬಿಡದೆ, ಬರೀ ತುಟಿ ಆಡಿಸಿ ಹೇಳ್ಕೊಳ್ತೀನಿ. ಸೊಸೆ ನಗ್ತಾಳೆ," ಎಂದರು ಅಜ್ಜಿ. "ಯಾವ ಕ್ರಮದಲ್ಲಿ ಹೇಳೋದು ಅಂತ ಮಾತ್ರ ತಿಳೀತಿಲ್ಲ. ನೀನು ಓದಿದೋಳು, ಕೇಳಿ ಹೇಳು. ಮೊದಲನೆಯೋಳು ಒಬ್ಬ ದರ್ಜಿ ಹೆಂಡ್ತಿ. ಎಡಚಿ. ನಾನು ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರ್ಲಿಲ್ಲ. ನೋವಿನ ಮಧ್ಯೆ ನನ್ನ ಬಟ್ಟೆ ತೋಳು ಹಿಡ್ಕೊಂಡು ಏನಂದ್ಲು ಗೊತ್ತಾ? 'ಸಿಸ್ಟರ್, ಈ ಹೊಲಿಗೆ ಯಾರು ಹಾಕಿದ್ದು, ಇಷ್ಟು ಕೆಟ್ಟದಾಗಿ...'"

ಅಜ್ಜಿ ನಗುತ್ತಿದ್ದರು, ಕಣ್ಣು ತುಂಬಿತ್ತು. ಆ ದಿನ, ಆ ಹೊತ್ತು, ವೇದಿಕೆಯ ಮೇಲೆ ಊರೆಲ್ಲ ಕೇಳುವಂತೆ ಹೇಳಬೇಕಾಗಿದ್ದ ಮಾತು ಅದು. ಕೇಳಲು ಇದ್ದದ್ದು ಆಕೆ ಮತ್ತು ತೂಕಡಿಸುವ ಬಸುರಿ. ಆಕೆಗೆ ಕೂರಲಾಗಲಿಲ್ಲ. ಈಗ ಹೇಳಿಬಿಡಬೇಕು, ಇಲ್ಲವೇ ಎದ್ದು ಹೋಗಬೇಕು. ಎದ್ದಳು.

"ಅಜ್ಜೀ, ನನಗೆ ಕ್ಲಾಸಿದೆ. ಹೊತ್ತಾಯ್ತು. ಇನ್ನೊಂದು ದಿನ ಬಂದು ಎಲ್ಲಾ ಕೇಳ್ತೀನಿ."

"ಹೋಗು, ಹೋಗು. ಮಕ್ಕಳು ಕಾಯ್ತಾವೆ," ಎಂದರು ಅಜ್ಜಿ, ಮಾತನ್ನು ಅರ್ಧಕ್ಕೇ ನುಂಗಿ.

ಅವತ್ತು ಆಕೆಗೆ ಮಧ್ಯಾಹ್ನದವರೆಗೆ ಕ್ಲಾಸು ಇರಲಿಲ್ಲ. ಖಾಲಿ ಸ್ಟಾಫ್ ರೂಮಿನಲ್ಲಿ ತನ್ನದೇ ಫೋಟೋದ ಎದುರು ಕೂತಿದ್ದಳು.

ಆ ಇನ್ನೊಂದು ದಿನ ಬರಲಿಲ್ಲ. ಜುಲೈ ಕೊನೆಗೆ ಸಿಸ್ಟರಜ್ಜಿಗೆ ಲಕ್ವ ಹೊಡೆಯಿತು. ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಪ್ರಾಣ ಉಳಿಯಿತು. ಬಲಗೈ ಬಿತ್ತು, ಮಾತು ಪೂರ್ತಿ ಹೋಯಿತು. ಸುದ್ದಿ ಕೇಳಿ ಓಡಿದ ಆಕೆಗೆ ವಾರ್ಡಿನ ಹೊರಗೆ, ಅಜ್ಜಿಯನ್ನು ನೋಡಲು ಬಂದಿದ್ದ ಹೆರಿಗೆ ಆಸ್ಪತ್ರೆಯ ದೊಡ್ಡ ಡಾಕ್ಟರು ಸಿಕ್ಕರು.

"ಮಾತು ವಾಪಸ್ ಬರುತ್ತಾ ಡಾಕ್ಟ್ರೇ?"

"ಹೇಳೋಕಾಗಲ್ಲ. ಅಲ್ಲೊಂದು ಇಲ್ಲೊಂದು ಪದ ಬರಬಹುದು. ಈ ವಯಸ್ಸಲ್ಲಿ..." ಡಾಕ್ಟರು ಕೈ ಬಿಚ್ಚಿ ತೋರಿಸಿದರು.

ಆಗ, ಆ ಕಾರಿಡಾರಿನಲ್ಲಿ, ಸ್ಟ್ರೆಚರುಗಳು ಹೋಗಿಬಂದು ಮಾಡುತ್ತಿದ್ದಾಗ, ಆಕೆ ಹೇಳಿದಳು. ಲೆಕ್ಕ ತಪ್ಪಿದ್ದು, ತನಗೆ ಮೇ ತಿಂಗಳಲ್ಲೇ ಗೊತ್ತಾದದ್ದು, ಫೋನು ಮಾಡಿ ವೇದಿಕೆಯ ಮಾತಾಡಿದ್ದು ಎಲ್ಲವನ್ನೂ ಹೇಳಿದಳು. ಡಾಕ್ಟರು ಬೆಚ್ಚಿಬೀಳುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಗೋಡೆಗೆ ಒರಗಿ ನಿಂತರು.

"ಗೊತ್ತಿತ್ತು ಮೇಡಂ," ಎಂದರು.

"ಏನು?"

"ಮ್ಯಾನೇಜರು ಮೀಟಿಂಗಿನ ಮಾರನೇ ದಿನವೇ ಬಂದು ಹೇಳಿದ್ರು. ನಂಗೂ ಆಗಲೇ ಅನುಮಾನ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಜೊತೆ ವಾದ ಮಾಡೋಕೆ ಯಾರಿಗೆ ಶಕ್ತಿ ಇದೆ ಮೇಡಂ? ಮ್ಯಾನೇಜರಿಗೆ, ನೀವೇ ಹೇಳಿ ಅಂದೆ. 'ಅಯ್ಯೋ, ನನ್ನ ಮುಖ ನೋಡಿ ಇನ್ನೊಂದ್ಸಲ ಹಾಗೆ ನಗ್ತಾರೆ, ನನಗೆ ಬೇಡಪ್ಪಾ' ಅಂದ್ರು. ಹೊಸ ವಾರ್ಡಿನ ಕೆಲಸಾನೂ ಬಾಕಿ ಇತ್ತು. ಒಂದು ವರ್ಷ ಸಿಕ್ತಲ್ಲ ಅಂತ ನಾನೂ ಸುಮ್ನಾದೆ. ತಪ್ಪು ನಿಮ್ಮೊಬ್ಬರದ್ದೇ ಅಲ್ಲ ಬಿಡಿ."

ಸಮಾಧಾನಕ್ಕೆ ಹೇಳಿದ ಮಾತು. ಆಕೆಗೆ ಅದರಷ್ಟು ಚುಚ್ಚಿದ್ದು ಬೇರೆ ಇಲ್ಲ. ಇಷ್ಟು ವರ್ಷ ತನ್ನ ಮಾತಿಗೆ ಎದುರಾಡುವವರಿಲ್ಲ ಎಂದು ಬೀಗಿದ್ದಳು. ಜನ ಒಪ್ಪಿ ಸುಮ್ಮನಾಗುತ್ತಿರಲಿಲ್ಲ, ಹೆದರಿಯೂ ಅಲ್ಲ. ಬಚ್ಚಲ ಮೋರಿಯ ಪಕ್ಕ ನಡೆಯುವಾಗ ಬಟ್ಟೆ ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ದಾಟುತ್ತಿದ್ದರು. ತರಗತಿಯ ಆ ಹಿಂದಿನ ಬೆಂಚಿನ ಮುಖಗಳು ಎಷ್ಟೋ ನೆನಪಾದವು. ಅವರಲ್ಲಿ ಎಷ್ಟು ಜನ ಸರಿ ಇದ್ದರೋ, ಯಾರು ಬಲ್ಲರು.

ವರ್ಷ ಕಳೆಯಿತು. 2025ರ ಜೂನ್ ಹನ್ನೆರಡರಂದು ಅಂಗಳದಲ್ಲಿ ಶಾಮಿಯಾನ ಎದ್ದಿತು. ಸಮಿತಿ ಬಿಟ್ಟುಬಿಡುತ್ತೇನೆ ಎಂದು ಆಕೆ ಹೇಳಿದ್ದಳು. "ಬಿಟ್ರೆ ಜನ ಯಾಕೆ ಅಂತಾರೆ, ಸುಮ್ನಿರಿ," ಎಂದು ಡಾಕ್ಟರು ತಡೆದಿದ್ದರು. ಮೊದಲ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಸಿಸ್ಟರಜ್ಜಿ, ಹಿಂದೆ ಕುರ್ಚಿಯ ಹಿಡಿ ಹಿಡಿದು ನಿಂತ ಸೊಸೆ. ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದಳು. ಅವತ್ತು ಬಾಗಿಲು ಹಾಕಿ ಬಂದಿದ್ದಳು. ಅಜ್ಜಿಯ ಬಾಯಿ ಒಂದು ಕಡೆಗೆ ವಾಲಿತ್ತು. ಸೊಸೆ ಆಗಾಗ ಬಗ್ಗಿ ಕರವಸ್ತ್ರದಿಂದ ಒರೆಸುತ್ತಿದ್ದಳು.

ಆಕೆಯ ಸರದಿ ಬಂತು. ಆಸ್ಪತ್ರೆಯ ಚರಿತ್ರೆ ಹೇಳಬೇಕಿತ್ತು. ಮೈಕಿನ ಮುಂದೆ ಬಂದು ನಿಂತಳು.

"ನಮ್ಮ ಆಸ್ಪತ್ರೆಗೆ ನೂರು ತುಂಬಿದ್ದು ಇವತ್ತಲ್ಲ," ಎಂದಳು. "ಹೋದ ವರ್ಷ ಇದೇ ದಿನ. ತಪ್ಪು ಲೆಕ್ಕ ಹೇಳಿದವಳು ನಾನು. ತಪ್ಪು ಅಂತ ಗೊತ್ತಾದ ಮೇಲೂ ನಾಚಿಕೆಗೆ ಬಾಯಿ ಬಿಡದೆ ಇದ್ದವಳೂ ನಾನೇ. ಹೋದ ವರ್ಷ ಆಗಿದ್ದರೆ ನಾನಲ್ಲ, ಸಿಸ್ಟರಜ್ಜಿ ಇಲ್ಲಿ ನಿಂತು ಮಾತಾಡುತ್ತಿದ್ದರು. ಇಲ್ಲಿಂದ ಮನೆಗೆ ಹೋಗದೆ ಇದ್ದ ತಾಯಂದಿರ ಹೆಸರು ಹೇಳುತ್ತಿದ್ದರು. ನನಗೆ ಆ ಹೆಸರುಗಳು ಗೊತ್ತಿಲ್ಲ, ಆಸ್ಪತ್ರೆಯ ಹಳೆಯ ರಿಜಿಸ್ಟರುಗಳೂ ಉಳಿದಿಲ್ಲ. ಒಬ್ಬಳು ದರ್ಜಿಯ ಹೆಂಡತಿ, ಎಡಗೈಯವಳು ಅಂತ ಮಾತ್ರ ಗೊತ್ತು. ಅದಕ್ಕಿಂತ ಹೆಚ್ಚು ಕೇಳಿಸಿಕೊಳ್ಳದೆ ಎದ್ದು ಹೋದೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಔಷಧಿ ಅಂಗಡಿಯವರು ಕೆಮ್ಮಿದರು. ಮ್ಯಾನೇಜರು ತಲೆ ತಗ್ಗಿಸಿದರು. ಹಿಂದಿನಿಂದ ಯಾರೋ, ಮಾತು ಮುಗಿಯಿತೆಂದು, ಎರಡು ಸಲ ಚಪ್ಪಾಳೆ ತಟ್ಟಿ ತಾನೊಬ್ಬನೇ ಎಂದು ತಿಳಿದು ನಿಲ್ಲಿಸಿದ. ನಿರೂಪಕ ಲಗುಬಗೆಯಿಂದ ಮುಂದಿನ ಹೆಸರು ಕರೆದ. ಅಜ್ಜಿ ವೇದಿಕೆಯ ಕಡೆಯೇ ನೋಡುತ್ತಿದ್ದರು. ಕೇಳಿಸಿತೋ, ಅರ್ಥವಾಯಿತೋ, ಆ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಮುಗಿದ ಮೇಲೆ ಆಕೆ ಗಾಲಿಕುರ್ಚಿಯ ಹತ್ತಿರ ಬಂದಳು. ಎದೆ ಸ್ವಲ್ಪ ಹಗುರಾಗಿತ್ತು. ಸೊಸೆ ಅವಳನ್ನು ಪಕ್ಕಕ್ಕೆ ಕರೆದಳು.

"ಒಂದು ಮಾತು ಹೇಳ್ಲಾ ಮೇಡಂ? ನೀವು ಹೇಳಿ ಹಗುರಾದ್ರಿ. ನಮ್ಮ ಅತ್ತೆ ಹೇಳೋಕಾಗದೆ ಹಾಗೇ ಕೂತಿದ್ದಾರೆ. ಅಷ್ಟು ಜನರ ಮುಂದೆ ಅವರನ್ನ ತೋರಿಸಿ ಪಾಪ ಅನ್ನಿಸಿದ್ರಿ. ಅವರಿಗೆ ಯಾವತ್ತೂ ಯಾರೂ ಪಾಪ ಅಂದಿರ್ಲಿಲ್ಲ."

ಸೊಸೆಯ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆಕೆಗೆ ಹಗುರಾದದ್ದೆಲ್ಲ ಎರಡರಷ್ಟಾಗಿ ವಾಪಸು ಬಂತು. ತಿದ್ದಿಕೊಳ್ಳುವುದನ್ನೂ ತಾನು ವೇದಿಕೆ ಹತ್ತಿಯೇ ಮಾಡಿದ್ದಳು. "ಹೌದು," ಎಂದಳು.

ಗಂಡನಿಗೆ ಹೇಳಿದಾಗ ಅವನು, "ಹೋಗಿ ಸುಮ್ನೆ ಕೂತ್ಕೊಂಡು ಬಾ ಅವರ ಹತ್ರ. ಏನೂ ಹೇಳೋಕೆ ಹೋಗ್ಬೇಡ," ಎಂದ.

ಹಾಗೆ ಹೋಗತೊಡಗಿದಳು, ಕಾಲೇಜು ಬಿಟ್ಟ ಮೇಲೆ. ಸೊಸೆ ಮೊದಮೊದಲು ಬನ್ನಿ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಝೆರಾಕ್ಸ್ ಮೆಷಿನ್ನಿನ ಪಕ್ಕದಿಂದ ದಾಟಿ ಒಳಗಿನ ಕೋಣೆಗೆ ಹೋದರೆ ಕಿಟಕಿಯ ಬಳಿ ಅಜ್ಜಿ. ಮಾತು ಕಲಿಸುವವರೊಬ್ಬರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಅಜ್ಜಿಯ ಬಾಯಿಂದ ಅಪರೂಪಕ್ಕೆ ಒಂದು ಪದ ಹೊರಡುತ್ತಿತ್ತು, ಅದೂ ಅರ್ಧ, ಎಷ್ಟೋ ಸಲ ಬೇರೆಯೇ ಪದ. ಕಿಟಕಿ ತೋರಿಸಿ ಚಮಚ ಎನ್ನುತ್ತಿದ್ದರು. ಆಕೆ ಹೋಗಿ ಕಿಟಕಿ ತೆರೆಯುತ್ತಿದ್ದಳು. ಆ ಹೆಸರುಗಳು ಅಜ್ಜಿಯ ಒಳಗೆ ಇನ್ನೂ ಇದ್ದವೋ, ಅವೂ ಒಂದರೊಳಗೊಂದು ಕಲೆಸಿಹೋಗಿದ್ದವೋ ಯಾರಿಗೂ ಗೊತ್ತಿಲ್ಲ. ಆಕೆ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಅನ್ನಿಸಿತ್ತು. ಕಾಲೇಜಿನಲ್ಲಿ ಹುಡುಗರು ತಪ್ಪು ಉತ್ತರ ಹೇಳಿದಾಗ ಅವಳು ಈಗ, "ಅದು ಹೇಗೆ ಬಂತು ಹೇಳು ನೋಡೋಣ," ಎನ್ನುತ್ತಿದ್ದಳು. ಅವರಿಗೆ ಅದೂ ಹೊಸ ಬಗೆಯ ಬಲೆ ಅನ್ನಿಸಿ ಇನ್ನಷ್ಟು ಹೆದರಿದರು.

ಒಂದು ಸಂಜೆ ಅಜ್ಜಿ ಎಡಗೈಯಿಂದ ಕುರ್ಚಿಯ ತೋಳು ಬಡಿದು ಏನೋ ಹೇಳಹೊರಟರು. "ಬೀ... ಬೀ..."

"ಬೀಸಣಿಗೆಯಾ ಅಜ್ಜೀ? ಫ್ಯಾನ್ ಹಾಕ್ಲಾ?"

ತಲೆ ಅಡ್ಡಡ್ಡ ಆಡಿತು. "ಬೀ..."

ಬೀಗವಾ ಎಂದು ಕೇಳಲು ಹೋದವಳು ತಡೆದುಕೊಂಡಳು. ಕಾದಳು. ಹೊರಗೆ ಮೆಷಿನ್ನು ಯಾರದೋ ಕಾಗದಗಳನ್ನು ಒಂದೊಂದಾಗಿ ಉಗುಳುತ್ತಿತ್ತು. ಅಜ್ಜಿಯ ಹಣೆಯಲ್ಲಿ ಬೆವರು ಮೂಡಿತು, ತುಟಿ ಎಳೆದಾಡಿತು.

"ಬೀದಿ," ಎಂದರು ಸಿಸ್ಟರಜ್ಜಿ.

"ಬೀದಿಗೆ ಹೋಗ್ಬೇಕಾ?"

ಅಜ್ಜಿ ಕಣ್ಣು ಮುಚ್ಚಿ ತೆರೆದರು. ಆಕೆ ಕುರ್ಚಿ ತಳ್ಳಿಕೊಂಡು ಮುಂದಿನ ಕೋಣೆಗೆ ಬಂದಳು. ಅಂಗಡಿಗೆ ಬಂದಿದ್ದವರು ಗೋಡೆಗೆ ಒತ್ತಿ ದಾರಿ ಬಿಟ್ಟರು. ಹೊಸ್ತಿಲಿನಲ್ಲಿ ಗಾಲಿ ಸಿಕ್ಕಿಕೊಂಡಿತು. ಎಷ್ಟು ತಳ್ಳಿದರೂ ಅಲ್ಲಾಡಲಿಲ್ಲ. ಸೊಸೆ ಮೆಷಿನ್ನು ನಿಲ್ಲಿಸಿ ಬಂದಳು.

"ಹಾಗೆ ತಳ್ಳಿದ್ರೆ ಬರಲ್ಲ ಅದು. ಹಿಂದಕ್ಕೆ ವಾಲಿಸ್ಬೇಕು. ಇಲ್ಲಿ ಹಿಡ್ಕೊಳ್ಳಿ, ಗಟ್ಟಿಯಾಗಿ."

ಆಕೆ ಸೊಸೆ ತೋರಿಸಿದಲ್ಲಿ ಹಿಡಿದುಕೊಂಡಳು. ಇಬ್ಬರೂ ಸೇರಿ ಎತ್ತಿ ಇಳಿಸಿದರು. ಹೊರಗೆ ಇನ್ನೂ ಬಿಸಿಲಿತ್ತು, ಶಾಲೆ ಬಿಟ್ಟಿತ್ತು, ತರಕಾರಿ ಗಾಡಿಯವನೊಬ್ಬ ಕೂಗುತ್ತಾ ಬರುತ್ತಿದ್ದ.